ಹಳೆಯ ರಿಸೀವರ್‌ಗಳಲ್ಲಿ ಯಾವುದರ ಸೌಂಡ್ ಚೆನ್ನ? ಮರಾಂಟ್ಜ್ 2230, ಪಯೋನಿಯರ್ ಎಸ್‌ಎಕ್ಸ್-780, ಯಮಾಹಾ ಎವಿ ಸೆಟ್

ಕೌಲ್‌ಬಜಾರ್ ಕೇಳುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಈಗ ಮೂರು ರಿಸೀವರ್ (ರೇಡಿಯೋ, ಆಂಪ್ಲಿಫೈಯರ್ ಒಂದೇ ಡಬ್ಬಿಯಲ್ಲಿರುವ ಸೆಟ್) ಕೂತಿವೆ. ಎರಡನ್ನು ಇಟ್ಟುಕೊಂಡು ಒಂದನ್ನು ಯಾರಿಗಾದರೂ ಕೊಡಬೇಕು. ಯಾವುದನ್ನು ಅಂತ ತೀರ್ಮಾನ ಆಗುತ್ತಿಲ್ಲ.

ಮೊದಲನೆಯದು ಮರಾಂಟ್ಜ್ 2230. ಚಿಕ್ಕಪ್ಪ ಕುವೈತ್‌ನಲ್ಲಿ ಕೆಲಸಕ್ಕಿದ್ದಾಗ ಅಲ್ಲಿ ಒಬ್ಬರಿಂದ ಕೊಂಡು ತಂದದ್ದು. ನೀಲಿ ಡಯಲ್. ಸ್ಟೇಷನ್ ಹುಡುಕಲು ಗುಂಡಿ ಇಲ್ಲ, ಅಡ್ಡಲಾಗಿ ಕೂರಿಸಿದ ಚಕ್ರದ ಅಂಚನ್ನು ಬೆರಳಿನಿಂದ ತಳ್ಳಬೇಕು. ತಳ್ಳಿ ಬಿಟ್ಟರೆ ಸ್ವಲ್ಪ ದೂರ ತಾನೇ ಉರುಳುತ್ತದೆ. ಎರಡನೆಯದು ಪಯೋನಿಯರ್ ಎಸ್‌ಎಕ್ಸ್-780, ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ಮೂರನೆಯದು 2000ದ ದಶಕದ ಯಮಾಹಾ ಎವಿ (ಟಿವಿ, ಸಿನಿಮಾಕ್ಕೆ ಮಾಡಿದ) ರಿಸೀವರ್, ಗೆಳೆಯ ಊರು ಬಿಡುವಾಗ ಕೊಟ್ಟು ಹೋದ.

ಸ್ಪೀಕರ್ 8 ಓಮ್‌ನ ಬುಕ್‌ಶೆಲ್ಫ್ ಜೋಡಿ. ಹಾಲ್ ದೊಡ್ಡದಲ್ಲ. ಗ್ರಾನೈಟ್ ನೆಲ, ಆರ್‌ಸಿಸಿ ಛಾವಣಿ. ನಾನು ಕೇಳುವುದು ಹಿಂದೂಸ್ತಾನಿ ಗಾಯನ, ವಚನ, ಹಳೆಯ ಕನ್ನಡ ಚಿತ್ರಗೀತೆ. ಬೆಳಗ್ಗೆ ಹೊಸಪೇಟೆ ಆಕಾಶವಾಣಿ.

ನನ್ನ ಕಿವಿಗೆ ಮರಾಂಟ್ಜ್‌ನಲ್ಲಿ ಹಾಡುವವರ ದನಿ ತುಂಬಿ ಬರುತ್ತದೆ, ಆದರೆ ಬೇಸ್ ಕಡಿಮೆ. ಪಯೋನಿಯರ್ ಚುರುಕಾಗಿದೆ. ಯಮಾಹಾ ಸ್ವಚ್ಛವಾಗಿದೆ, ಆದರೆ ದನಿಯಲ್ಲಿ ಜೀವ ಇಲ್ಲ ಅನ್ನಿಸುತ್ತದೆ. ವ್ಯಾಟ್ ನೋಡಿದರೆ ಮರಾಂಟ್ಜ್ 30, ಪಯೋನಿಯರ್ 45, ಯಮಾಹಾ ಎರಡಕ್ಕಿಂತ ಜಾಸ್ತಿ. ನಿಮ್ಮ ಅನುಭವ ಹೇಳಿ.

ಗಂಗಾವತಿ ಮರಾಂಟ್ಜ್

ಇದರಲ್ಲಿ ಯೋಚಿಸುವುದು ಏನಿದೆ ಅಣ್ಣ? ಮರಾಂಟ್ಜ್ ಇಟ್ಟುಕೊಳ್ಳಿ. ಆ ದನಿ ಬೇರೆಲ್ಲೂ ಸಿಗಲ್ಲ. ಎವಿ ರಿಸೀವರ್ ಸಿನಿಮಾಕ್ಕೆ ಸರಿ, ಹಾಡಿಗೆ ಅಲ್ಲ. ನನ್ನ ಹತ್ತಿರವೂ ಅದೇ ಸಾಲಿನ ಒಂದು ಸೆಟ್ ಇದೆ. ರಾತ್ರಿ ದೀಪ ಆರಿಸಿ ಆ ನೀಲಿ ಬೆಳಕಿನಲ್ಲಿ ಒಂದು ಠುಮ್ರಿ ಹಾಕಿ ನೋಡಿ, ಆಮೇಲೆ ಮಾತಾಡೋಣ.

ರಾಯಚೂರು ರೇಡಿಯೋ

ನಾನು ರಾಯಚೂರಿನಲ್ಲಿ ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡೇ ಬದುಕಿದವನು. ಅಂಗಡಿ ಮುಚ್ಚಿದ್ದೇನೆ, ಕೆಲಸದ ಚಟ ಬಿಟ್ಟಿಲ್ಲ. ಕೌಲ್‌ಬಜಾರ್ ಅವರೇ, ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಮೂರೂ ಸೆಟ್‌ಗಳ ಸೌಂಡು ಒಂದೇ ಮಟ್ಟದಲ್ಲಿಟ್ಟು ಕೇಳಿದ್ದೀರಾ? ಮೂರನ್ನೂ ಒಳಗೆ ತೆರೆದು ನೋಡಿದ್ದೀರಾ?

ಮೊದಲನೆಯದು ಯಾಕೆ ಅಂದರೆ, ಎರಡು ಸೆಟ್ ನಡುವೆ 1 ಡೆಸಿಬಲ್ ವ್ಯತ್ಯಾಸ ಇದ್ದರೆ ನಮಗೆ ಅದು ಜೋರು ಅಂತ ಗೊತ್ತಾಗುವುದಿಲ್ಲ. ಚೆನ್ನಾಗಿದೆ ಅಂತ ಅನ್ನಿಸುತ್ತದೆ. ತುಂಬಿದ ದನಿ, ಹತ್ತಿರದ ದನಿ, ಜೀವ ಇರುವ ದನಿ ಎಂದು ನಾವು ಹೇಳುವುದೆಲ್ಲ ಎಷ್ಟೋ ಸಲ ಆ 1 ಡೆಸಿಬಲ್. ಗುಂಡಿಯ ಮೇಲಿನ ಗೆರೆ ನಂಬಬೇಡಿ. ಒಂದರಲ್ಲಿ 10 ಗಂಟೆ ಜಾಗದಲ್ಲಿ ಬರುವ ಸೌಂಡು ಇನ್ನೊಂದರಲ್ಲಿ 12ಕ್ಕೆ ಬರುತ್ತದೆ. ಕಿವಿಯಿಂದ ಸರಿ ಮಾಡಲೂ ಆಗುವುದಿಲ್ಲ.

ಸಾಧಾರಣ ಮಲ್ಟಿಮೀಟರ್ ಸಾಕು. ಫೋನಿನಲ್ಲಿ 400 ಹರ್ಟ್ಸ್ ಟೋನ್ ಹಾಕಿ. 1000 ಹರ್ಟ್ಸ್ ಬೇಡ, ಅಗ್ಗದ ಮೀಟರ್‌ಗಳು ಮೇಲೆ ಹೋದಂತೆ ತಪ್ಪು ತೋರಿಸುತ್ತವೆ. ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ, ಸ್ಪೀಕರ್ ಕನೆಕ್ಟ್ ಆಗಿರುವಾಗಲೇ ಅದರ ಎರಡು ಟರ್ಮಿನಲ್‌ಗೆ ಪ್ರೋಬ್ ಹಿಡಿಯಿರಿ. ಪ್ರೋಬ್ ಒಂದಕ್ಕೊಂದು ತಾಗದಂತೆ ಜಾಗ್ರತೆ, ಶಾರ್ಟ್ ಆದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತದೆ. ಮೂರೂ ಸೆಟ್‌ನಲ್ಲಿ 1.00 ವೋಲ್ಟ್ ಬರುವ ಹಾಗೆ ವಾಲ್ಯೂಮ್ ಇಟ್ಟುಕೊಂಡು ಗುರುತು ಮಾಡಿ. ಒಂದು 1.00, ಇನ್ನೊಂದು 1.12 ಇದ್ದರೆ ಅದೇ ಆ 1 ಡೆಸಿಬಲ್. 1.02 ಒಳಗೆ ಇದ್ದರೆ ಸಾಕು. ಎಡ, ಬಲ ಎರಡೂ ಕಡೆ ನೋಡಿ.

ಬೇಸ್ ಏರಿಸುವ ಲೌಡ್‌ನೆಸ್ ಬಟನ್ ಆಫ್. ಬೇಸ್, ಮಿಡ್, ಟ್ರೆಬಲ್ ಎಲ್ಲ ಮಧ್ಯಕ್ಕೆ. ಆಮೇಲೆ ಹಾಡು ಹಾಕಿ.

ತಂಬೂರಿ, ಬಳ್ಳಾರಿ

ನಾನು ಸತ್ಯನಾರಾಯಣಪೇಟೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಎಲೆಕ್ಟ್ರಾನಿಕ್ಸ್ ನನಗೆ ತಿಳಿಯದ ವಿಷಯ, ಆದರೆ ಏನನ್ನು ಕೇಳಬೇಕು ಎನ್ನುವುದನ್ನು ಹೇಳಬಲ್ಲೆ.

ಜೋರಾದ ಚಿತ್ರಗೀತೆಯಿಂದ ಶುರು ಮಾಡಬೇಡಿ. ತಂಬೂರಿ ಮಾತ್ರ ಇರುವ ಆರಂಭದ ಆಲಾಪ ಹಾಕಿ. ತಂಬೂರಿಯ ಜವಾರಿ ಸರಿಯಾಗಿ ಬಂದರೆ ತಂತಿ ಮೀಟಿದ ಮೇಲೆ ಅದರ ಮೇಲಿನ ಸ್ವರಗಳು ಒಂದೊಂದಾಗಿ ಅರಳಿ ಸಣ್ಣಗಾಗುತ್ತವೆ. ಸೆಟ್ ಸರಿ ಇಲ್ಲದಿದ್ದರೆ ಅದು ಬರೀ ಗುಂಯ್ ಅನ್ನುತ್ತದೆ. ಆಮೇಲೆ ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ಕೇಳಿ. ತಬಲಾದವರು ಅಂಗೈ ಒತ್ತಿ ಸರಿಸಿದಾಗ ನಾದ ಜಾರಿಕೊಂಡು ಮೇಲೇರಬೇಕು. ಬೇಸ್ ಕಡಿಮೆ ಇದ್ದರೆ ಆ ಜಾರುವಿಕೆಯ ಕೆಳಗಿನ ಅರ್ಧ ಕಾಣೆಯಾಗುತ್ತದೆ, ಬರೀ ಬಡಿತ ಉಳಿಯುತ್ತದೆ. ಕೊನೆಗೆ ಹಾರ್ಮೋನಿಯಂ ಮತ್ತು ದನಿ ಒಂದೇ ಸ್ವರದಲ್ಲಿ ನಿಂತಾಗ ಎರಡೂ ಬೇರೆ ಬೇರೆ ಕೇಳುತ್ತವಾ ನೋಡಿ. ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನದ ಹಳೆಯ ಧ್ವನಿಮುದ್ರಣ ಇದ್ದರೆ ಅದನ್ನೇ ಹಾಕಿ. ನಮ್ಮ ಸೀಮೆಯ ದನಿ, ನಮ್ಮ ಕಿವಿಗೆ ಪರಿಚಯದ ದನಿ.

ನನ್ನ ಹತ್ತಿರ ಅಪ್ಪನ ಎಲ್‌ಪಿ ರೆಕಾರ್ಡ್‌ಗಳಿವೆ, ಹೆಚ್ಚಿನವು ಕೋಲ್ಕತ್ತದ ದಮ್‌ದಮ್‌ನಲ್ಲಿ ಒತ್ತಿದವು. ಈ ಮೂರರಲ್ಲಿ ರೆಕಾರ್ಡ್ ಪ್ಲೇಯರ್ ಯಾವುದಕ್ಕೆ ಹಾಕಬಹುದು?

ಕೊಪ್ಪಳ ಡೆಸಿಬಲ್

ತಂಬೂರಿ ಮೇಡಂ, ಫೋನೋ ಎಂದು ಬರೆದ ಸಾಕೆಟ್ ಇರುವ ಸೆಟ್‌ಗೆ ಮಾತ್ರ. ರೆಕಾರ್ಡ್ ಪ್ಲೇಯರ್‌ನ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್. ಜೊತೆಗೆ ರೆಕಾರ್ಡ್ ಕೊರೆಯುವಾಗ ಬೇಸ್ ಕಡಿಮೆ ಮಾಡಿ, ಟ್ರೆಬಲ್ ಜಾಸ್ತಿ ಮಾಡಿರುತ್ತಾರೆ. ಇಲ್ಲದಿದ್ದರೆ ಗೀರು ಅಗಲವಾಗಿ ಒಂದು ಬದಿಯಲ್ಲಿ ಹಿಡಿಸುವ ಹಾಡು ಕಡಿಮೆಯಾಗುತ್ತದೆ. ಫೋನೋ ಸರ್ಕ್ಯೂಟ್ ಅದನ್ನು ತಿರುಗಾ ಸರಿ ಮಾಡುತ್ತದೆ. 20 ಹರ್ಟ್ಸ್ ಹತ್ತಿರ ಸುಮಾರು 20 ಡೆಸಿಬಲ್ ಏರಿಸಬೇಕು, 20,000ದ ಹತ್ತಿರ ಅಷ್ಟೇ ಇಳಿಸಬೇಕು. ಆಕ್ಸ್‌ಗೆ (ಸಾಧಾರಣ ಇನ್‌ಪುಟ್ ಸಾಕೆಟ್‌ಗೆ) ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ತೆಳ್ಳಗೆ ಬರುತ್ತದೆ. ಮರಾಂಟ್ಜ್, ಪಯೋನಿಯರ್ ಎರಡರಲ್ಲೂ ಫೋನೋ ಇದೆ.

ಇನ್ನು ವ್ಯಾಟ್ ಮಾತು. ಇದರಲ್ಲಿ ಜನ ತುಂಬಾ ದಾರಿ ತಪ್ಪುತ್ತಾರೆ. ವ್ಯಾಟ್ ಎರಡು ಪಟ್ಟಾದರೆ ಸೌಂಡು ಏರುವುದು 3 ಡೆಸಿಬಲ್ ಮಾತ್ರ. 30ರಿಂದ 45 ಅಂದರೆ 2 ಡೆಸಿಬಲ್‌ಗೂ ಕಡಿಮೆ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಮನೆಯಲ್ಲಿ ಸಾಧಾರಣವಾಗಿ ಕೇಳುವಾಗ ಸ್ಪೀಕರ್‌ಗೆ ಹೋಗುವುದು 1 ವ್ಯಾಟ್ ಆಸುಪಾಸು.

ಹಳೆಯ ಸೆಟ್‌ಗಳ ವ್ಯಾಟ್ ಅಂಕಿಯನ್ನು ನಂಬಬಹುದು. ಅಮೆರಿಕದಲ್ಲಿ 1974ರಲ್ಲಿ ಸರ್ಕಾರದ ನಿಯಮ ಬಂತು. ಎರಡೂ ಚಾನೆಲ್ ಒಟ್ಟಿಗೆ ಓಡುವಾಗ, ಇಷ್ಟು ಡಿಸ್ಟಾರ್ಷನ್ ಒಳಗೆ, ಬಿಡದೆ ಎಷ್ಟು ಕೊಡುತ್ತದೆ ಎಂದು ಬರೆಯಲೇಬೇಕಿತ್ತು. ಅದೇ ಕಾಲದಲ್ಲಿ ಜಪಾನಿನ ಕಂಪನಿಗಳು ಪೈಪೋಟಿಗೆ ಬಿದ್ದವು. 1978ರ ಪಯೋನಿಯರ್ ಎಸ್‌ಎಕ್ಸ್-1980 ಒಂದು ಚಾನೆಲ್‌ಗೆ 270 ವ್ಯಾಟ್ ಕೊಡುತ್ತಿತ್ತು. ನಮ್ಮಲ್ಲಿ ಆಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವ್ಯಾಟ್) ಎಂದು ಡಬ್ಬಿಯ ಮೇಲೆ ಸಾವಿರ ವ್ಯಾಟ್ ಬರೆಯುವ ಕಾಲ ಬಂತು. ಆ ಅಂಕಿಗೆ ಬೆಲೆಯೇ ಇಲ್ಲ. ಎವಿ ಸೆಟ್‌ಗಳಲ್ಲೂ ಒಂದು ಅಥವಾ ಎರಡು ಚಾನೆಲ್ ಮಾತ್ರ ಓಡಿಸಿ ಅಳೆದ ಅಂಕಿ ಇರುತ್ತದೆ. ಐದೂ ಓಡಿದರೆ ಅಷ್ಟು ಬರುವುದಿಲ್ಲ.

ನೀವು ನೋಡಬೇಕಾದ್ದು ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್‌ಗೆ ಅದು ಎಷ್ಟು ಜೋರಾಗಿ ಕೇಳಿಸುತ್ತದೆ ಎನ್ನುವ ಅಂಕಿ. 84 ಡೆಸಿಬಲ್‌ನ ಸ್ಪೀಕರ್ ಬದಲು 90ರದ್ದು ತಂದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ದೊಡ್ಡದು ಮಾಡಿದ ಲೆಕ್ಕ.

ಯಮಾಹಾದಲ್ಲಿ ಜೀವ ಇಲ್ಲ ಎಂದಿರಿ ಅಲ್ವಾ? ಮೆನುವಿನಲ್ಲಿ ಮುಂದಿನ ಸ್ಪೀಕರ್ ಸ್ಮಾಲ್ ಎಂದು ಇದೆಯಾ, ಸಬ್‌ವೂಫರ್ (ಬೇಸ್‌ಗೆ ಮಾತ್ರ ಇರುವ ಸ್ಪೀಕರ್) ಯೆಸ್ ಎಂದು ಇದೆಯಾ ನೋಡಿ. ಹಾಗಿದ್ದರೆ ಬೇಸ್ ಎಲ್ಲ ಇಲ್ಲದ ಸಬ್‌ವೂಫರ್‌ನ ಸಾಕೆಟ್‌ಗೆ ಹೋಗುತ್ತಿದೆ. ಎಫೆಕ್ಟ್‌ಗಳೂ ಆಫ್ ಇರಲಿ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ

ಕೊಪ್ಪಳ ಸರ್, ನೀವು ಹೇಳಿದ್ದೇ ಸರಿ. ಗೆಳೆಯನ ಹತ್ತಿರ ಸಬ್‌ವೂಫರ್ ಇತ್ತು, ಅದರ ಸೆಟ್ಟಿಂಗ್ ಹಾಗೇ ಉಳಿದಿತ್ತು. ಲಾರ್ಜ್ ಮಾಡಿ, ಸಬ್‌ವೂಫರ್ ‘ನನ್’ (ಇಲ್ಲ) ಎಂದು ಮಾಡಿದ ಕೂಡಲೇ ಡಗ್ಗಾ ವಾಪಸ್ ಬಂತು. ಬೇರೆಯೇ ಸೆಟ್ ಅನ್ನಿಸಿತು.

ಮರಾಂಟ್ಜ್‌ನ ಮೇಲಿನ ಮುಚ್ಚಳ ತೆಗೆದೆ. ಒಳಗೆ ನಮ್ಮೂರಿನ ಕೆಂಪು ಧೂಳು ತೆಳ್ಳಗೆ ಹರಡಿ ಕೂತಿದೆ. ಅದಿರು ಲಾರಿ ಓಡಾಡುತ್ತಿದ್ದ ವರ್ಷಗಳಲ್ಲಿ ಈ ಸೆಟ್ ರಸ್ತೆ ಕಡೆಯ ಕೋಣೆಯಲ್ಲೇ ಇತ್ತು. ವಾಲ್ಯೂಮ್ ತಿರುಗಿಸಿದರೆ ಚರಚರ ಅನ್ನುತ್ತದೆ. ಬಲಗಡೆ ಚಾನೆಲ್ ಒಮ್ಮೊಮ್ಮೆ ಕಡಿಮೆಯಾಗುತ್ತದೆ. ಹಿಂದುಗಡೆ ಎರಡು ದೊಡ್ಡ ಕೆಪಾಸಿಟರ್ ಸ್ಪೀಕರ್ ಲೈನಿನಲ್ಲಿ ಇರುವ ಹಾಗೆ ಕಾಣುತ್ತದೆ. ರಾಯಚೂರು ಸರ್, ಬೇಸ್ ಕಡಿಮೆ ಇರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ರಾಯಚೂರು ರೇಡಿಯೋ

ಇದೆ, ನೇರ ಸಂಬಂಧ ಇದೆ.

1970ರ ದಶಕದ ಶುರುವಿನ ಎಷ್ಟೋ ಸೆಟ್‌ಗಳಲ್ಲಿ ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತದೆ. ಡಿಸಿಯನ್ನು ತಡೆದು ಹಾಡನ್ನು ಮಾತ್ರ ಬಿಡುವುದು ಅದರ ಕೆಲಸ. ಆದರೆ ಕೆಪಾಸಿಟರ್ ಸಣ್ಣದಾದಷ್ಟೂ ಬೇಸ್ ತಡೆಯುತ್ತದೆ. ಲೆಕ್ಕ ಹಾಕಿ ನೋಡಿ. 2200 ಮೈಕ್ರೋಫ್ಯಾರಡ್ ಇದ್ದು 8 ಓಮ್ ಸ್ಪೀಕರ್ ಇದ್ದರೆ ಇಳಿತ ಶುರುವಾಗುವುದು 9 ಹರ್ಟ್ಸ್ ಹತ್ತಿರ, ಕಿವಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಕೆಪಾಸಿಟರ್ ಒಣಗಿ 500ಕ್ಕೆ ಇಳಿದರೆ ಇಳಿತ 40 ಹರ್ಟ್ಸ್‌ಗೇ ಬರುತ್ತದೆ. ತಂಬೂರಿ ಮೇಡಂ ಹೇಳಿದ ಡಗ್ಗಾದ ಕೆಳಗಿನ ಅರ್ಧ ಹೋಗುವುದು ಹೀಗೆ. ಒಳಗಿನ ಬೋರ್ಡ್‌ಗಳಲ್ಲೂ ಸಣ್ಣ ಕಪ್ಲಿಂಗ್ ಕೆಪಾಸಿಟರ್‌ಗಳಿವೆ, ಅವೂ ಒಣಗಿರುತ್ತವೆ.

ಇದು ಕಂಪನಿಯ ತಪ್ಪಲ್ಲ, ವಯಸ್ಸು ಮತ್ತು ಬಿಸಿ. ಎಲೆಕ್ಟ್ರೋಲಿಟಿಕ್ ಒಳಗೆ ದ್ರವ ಇರುತ್ತದೆ. 10 ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಅರ್ಧ ಆಗುತ್ತದೆ ಎನ್ನುವುದು ನಮ್ಮ ಕಸುಬಿನ ಲೆಕ್ಕ. ಬಳ್ಳಾರಿ, ರಾಯಚೂರು ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ. ಸೆಟ್‌ನ ಹೊಟ್ಟೆಯಲ್ಲಿ ಎಷ್ಟಿರಬೇಡ? ಜಪಾನಿನಲ್ಲಿ ತಂಪಾಗಿ ಕೂತ ಸೆಟ್‌ಗೂ ನಮ್ಮ ಕಡೆ ಐವತ್ತು ಬೇಸಿಗೆ ಕಂಡ ಸೆಟ್‌ಗೂ ಹೋಲಿಕೆಯೇ ಇಲ್ಲ. ಅದಕ್ಕೇ ಯಾರಾದರೂ ಇಂಟರ್‌ನೆಟ್‌ನಲ್ಲಿ ಮರಾಂಟ್ಜ್ ದನಿ ಹೀಗೆ, ಪಯೋನಿಯರ್ ದನಿ ಹಾಗೆ ಎಂದು ಬರೆದರೆ, ಅವರು ಕೇಳಿದ್ದು ಯಾವ ಸ್ಥಿತಿಯ ಸೆಟ್ ಎಂದು ನಾನು ಮೊದಲು ಕೇಳುತ್ತೇನೆ.

ಹೊಸ ಕೆಪಾಸಿಟರ್ 105 ಡಿಗ್ರಿಯದ್ದೇ ತನ್ನಿ, 85 ಬೇಡ. ಬೆಂಗಳೂರಿನ ಎಸ್‌ಪಿ ರೋಡ್, ಹೈದರಾಬಾದಿನ ಕೋಠಿ ಎರಡೂ ಕಡೆ ಸಿಗುತ್ತವೆ. ನಾವು ರಾಯಚೂರಿನವರು ಕೋಠಿಗೇ ಹೋಗುತ್ತೇವೆ. ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಜಾಸ್ತಿ ಇದ್ದರೆ ತೊಂದರೆ ಇಲ್ಲ.

ಧೂಳಿಗೆ ಮೆತ್ತನೆಯ ಬ್ರಷ್. ವಾಲ್ಯೂಮ್, ಸ್ವಿಚ್‌ಗಳ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಹೊಡೆದು, ಕರೆಂಟ್ ಇಲ್ಲದಾಗ ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಾ ಇರಿ. ತುಕ್ಕಿಗೆ ಹೊಡೆಯುವ ಸಾಧಾರಣ ಸ್ಪ್ರೇ ಬೇಡ, ಎಣ್ಣೆ ಉಳಿದು ಧೂಳು ಇನ್ನೂ ಅಂಟುತ್ತದೆ. ಬಲ ಚಾನೆಲ್ ಹೋಗಿ ಬರುವುದು ಅರ್ಧ ಸಲ ಇದರಲ್ಲೇ ಸರಿ ಆಗುತ್ತದೆ. ಆಗದಿದ್ದರೆ ಟೇಪ್ ಮಾನಿಟರ್ ಸ್ವಿಚ್ ನೋಡಿ, ಯಾರೂ ಮುಟ್ಟದೆ ಅದರ ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ.

ಪಯೋನಿಯರ್ ಬಗ್ಗೆ ಒಂದು ಎಚ್ಚರ. ಎಸ್‌ಎಕ್ಸ್-780ಯಲ್ಲಿ ಔಟ್‌ಪುಟ್‌ಗೆ ಬಿಡಿ ಟ್ರಾನ್ಸಿಸ್ಟರ್ ಇಲ್ಲ, ಎಸ್‌ಟಿಕೆ-0050 ಎನ್ನುವ ಪ್ಯಾಕ್ ಇದೆ. ಅದು ಸುಟ್ಟರೆ ಅಸಲಿ ಸಿಗುವುದು ಕಷ್ಟ. ಮಾರ್ಕೆಟ್‌ನಲ್ಲಿ ಅದೇ ನಂಬರ್ ಒತ್ತಿದ ನಕಲಿ ಬೇಕಾದಷ್ಟಿವೆ. ಹಾಗಾಗಿ ಸ್ಪೀಕರ್ ವೈರ್ ಶಾರ್ಟ್ ಆಗದಂತೆ ನೋಡಿಕೊಳ್ಳಿ. ಆ ಕಾಲದ ಬೋರ್ಡ್‌ಗಳಲ್ಲಿ ದೊಡ್ಡ ಕೆಪಾಸಿಟರ್ ಅಲ್ಲಾಡದಿರಲಿ ಎಂದು ಹಾಕಿದ ಗೋಂದು ಇರುತ್ತದೆ. ಹಳತಾದಂತೆ ಕಂದು ಬಣ್ಣಕ್ಕೆ ತಿರುಗಿ ಪಕ್ಕದ ಡಯೋಡ್, ರೆಸಿಸ್ಟರ್‌ಗಳ ಕಾಲು ತಿನ್ನುತ್ತದೆ. ಕಂಡರೆ ಕೆರೆದು ತೆಗೆಯಿರಿ.

ಸಿಂಧನೂರು ಹುಡುಗ

ಹಿರಿಯರಿಗೆ ನಮಸ್ಕಾರ. ನಾನು ಮೊದಲ ಸಲ ರಿಸೀವರ್ ಕೊಳ್ಳುತ್ತಿದ್ದೇನೆ. ಜಪಾನಿನಿಂದ ನೇರವಾಗಿ ತರಿಸಿದ ಸಾನ್ಸುಯಿ ಸೆಟ್ ಒಂದು ಕಡಿಮೆ ಬೆಲೆಗೆ ಬರುತ್ತಿದೆ. ನೋಡಲು ಹೊಸದರ ಹಾಗೆ ಇದೆ. ರೇಡಿಯೋ ಕೇಳುವ ಆಸೆಯೂ ಇದೆ. ತಗೊಳ್ಳಬಹುದಾ?

ಕೊಪ್ಪಳ ಡೆಸಿಬಲ್

ತಮ್ಮಾ, ಸ್ವಲ್ಪ ತಾಳು. ಜಪಾನಿನ ಒಳಗೆ ಮಾರಿದ ಸೆಟ್ 100 ವೋಲ್ಟ್‌ನದು. ನಮ್ಮ 230ಕ್ಕೆ ನೇರ ಹಾಕಿದರೆ ಆವತ್ತೇ ಮುಗಿಯಿತು. ನಮ್ಮಲ್ಲಿ ಸಿಗುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹೆಚ್ಚಾಗಿ 110 ಕೊಡುತ್ತದೆ, ಮನೆಯಲ್ಲಿ ಕರೆಂಟ್ 250 ಬಂದಾಗ ಅದು ಇನ್ನೂ ಮೇಲೆ ಹೋಗುತ್ತದೆ. 100ಕ್ಕೆ ಅಂತಲೇ ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಬೇಕು.

ಅದಕ್ಕಿಂತ ದೊಡ್ಡ ವಿಷಯ ರೇಡಿಯೋ. ಜಪಾನಿನಲ್ಲಿ ಎಫ್‌ಎಂ ಬ್ಯಾಂಡ್ ಬೇರೆ. ಅಲ್ಲಿನ ಹಳೆಯ ಸೆಟ್‌ಗಳ ಡಯಲ್ 76ರಿಂದ 90 ಮೆಗಾಹರ್ಟ್ಸ್ ತನಕ ಮಾತ್ರ. ಹೊಸಪೇಟೆ ಆಕಾಶವಾಣಿ 100.5ರಲ್ಲಿ ಇದೆ. ಮುಳ್ಳು ಅಲ್ಲಿಗೆ ಹೋಗುವುದೇ ಇಲ್ಲ. ಡಯಲ್‌ನ ಫೋಟೋ ಕಳಿಸಲು ಹೇಳು, 88ರಿಂದ 108 ಇದ್ದರೆ ಮಾತ್ರ ಮುಂದಿನ ಮಾತು.

ಅಮೆರಿಕದ ಸೆಟ್ ಆದರೆ ಬ್ಯಾಂಡ್ ಸರಿ ಇರುತ್ತದೆ, ಆದರೆ 120 ವೋಲ್ಟ್. ಜೊತೆಗೆ ಅಲ್ಲಿ ಎಫ್‌ಎಂ ಡಿ-ಎಂಫಸಿಸ್ (ಸ್ಟೇಷನ್ ಏರಿಸಿ ಕಳಿಸಿದ ಟ್ರೆಬಲನ್ನು ಸೆಟ್ ಇಳಿಸುವ ಅಳತೆ) 75 ಮೈಕ್ರೋಸೆಕೆಂಡ್, ನಮ್ಮಲ್ಲಿ 50. ಹಾಗಾಗಿ ನಮ್ಮ ಸ್ಟೇಷನ್ ಅದರಲ್ಲಿ ಸ್ವಲ್ಪ ಮಂಕಾಗಿ ಕೇಳುತ್ತದೆ. ಟ್ರೆಬಲ್ ಒಂದು ಮೆಟ್ಟಿಲು ಏರಿಸಿದರೆ ನಡೆಯುತ್ತದೆ. ಗಲ್ಫ್‌ನಿಂದ ಬಂದ ಸೆಟ್‌ಗಳು ನಮಗೆ ಹೊಂದುವುದು ಇದಕ್ಕೇ. ಸಾಧಾರಣವಾಗಿ ಅವುಗಳ ಹಿಂದೆ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ, 220 ಅಥವಾ 240ರಲ್ಲಿದೆಯಾ ನೋಡಿಕೊಂಡರೆ ಆಯಿತು.

ಸಿಂಧನೂರು ಹುಡುಗ

ಫೋಟೋ ಬಂತು ಸರ್. 76ರಿಂದ 90 ಅಂತಲೇ ಇದೆ. ಬೇಡ ಎಂದು ಹೇಳಿದೆ. ತುಂಬಾ ಥ್ಯಾಂಕ್ಸ್.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ

ಕೇಳಿ ನೋಡಿದ ವರದಿ ಕೊಡುತ್ತೇನೆ.

ಭಾನುವಾರ ತಂಬೂರಿ ಮೇಡಂ ತಮ್ಮ ಅಣ್ಣನ ಜೊತೆ ಬಂದಿದ್ದರು. ಮೂರೂ ಸೆಟ್ ಒಂದೇ ಮೇಜಿನ ಮೇಲೆ, ಮುಂದೆ ಬೆಡ್‌ಶೀಟ್ ಇಳಿಬಿಟ್ಟೆ. ಮೀಟರ್ ಇಟ್ಟು 400 ಹರ್ಟ್ಸ್‌ನಲ್ಲಿ ಮೂರನ್ನೂ 1.00ಕ್ಕೆ ತಂದೆ. ಸ್ಪೀಕರ್ ವೈರ್ ಬದಲಿಸುವುದು ನನ್ನ ಕೆಲಸ, ಪ್ರತಿ ಸಲ ಸೆಟ್ ಆಫ್ ಮಾಡಿಯೇ. ಯಾವುದು ಓಡುತ್ತಿದೆ ಎಂದು ಅವರಿಗೆ ಹೇಳಲಿಲ್ಲ.

ಮರಾಂಟ್ಜ್ ಬಂದಾಗಲೆಲ್ಲ ಇಬ್ಬರೂ ಗುರುತು ಹಿಡಿದರು. ಡಗ್ಗಾ ಸಪ್ಪೆ, ಹಾಡು ನಿಂತಾಗ ಹಿಂದೆ ಸಣ್ಣ ಸುಯ್ ಶಬ್ದ. ಪಯೋನಿಯರ್ ಮತ್ತು ಯಮಾಹಾ ನಡುವೆ ಮೇಡಂ ಒಂದು ಸಲ ಇದು, ಒಂದು ಸಲ ಅದು ಎಂದರು. ಅವರ ಅಣ್ಣ ಎರಡೂ ಒಂದೇ ಎಂದು ಕೈ ಚೆಲ್ಲಿದರು. ನಾನು ಜೀವ ಇಲ್ಲ ಎಂದಿದ್ದ ಯಮಾಹಾದಲ್ಲೇ ಜಂಬಲದಿನ್ನಿಯವರ ದನಿ ತುಂಬಾ ಹತ್ತಿರ ಬಂತು ಎಂದು ಮೇಡಂ ಹೇಳಿದರು.

ಆಮೇಲೆ ಮರಾಂಟ್ಜ್‌ನ ಸ್ಪೀಕರ್ ಲೈನಿನ ಎರಡು ಕೆಪಾಸಿಟರ್ ಮತ್ತು ಟೋನ್ ಬೋರ್ಡ್‌ನ ಎಲೆಕ್ಟ್ರೋಲಿಟಿಕ್‌ಗಳನ್ನು ಇಲ್ಲಿನ ಒಬ್ಬ ಮೆಕ್ಯಾನಿಕ್ ಹತ್ತಿರ ಬದಲಿಸಿದೆ. ತೆಗೆದ ದೊಡ್ಡವುಗಳಲ್ಲಿ ಒಂದರ ತಲೆ ಉಬ್ಬಿ, ರಬ್ಬರ್ ಕಡೆ ಅಂಟು ಸೋರಿ ಗಟ್ಟಿಯಾಗಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಚರಚರ ಪೂರ್ತಿ ಹೋಯಿತು. ಡಗ್ಗಾ ಈಗ ಕೆಳಗಿನಿಂದ ಜಾರಿ ಮೇಲೇರುತ್ತದೆ. ಇನ್ನೊಮ್ಮೆ ಬೆಡ್‌ಶೀಟ್ ಪರೀಕ್ಷೆ ಮಾಡಿದೆವು. ಈ ಸಲ ಮರಾಂಟ್ಜ್ ಸಿಕ್ಕಿಬಿದ್ದದ್ದು ಹಾಡು ಇಲ್ಲದ ಜಾಗದ ಸುಯ್ ಶಬ್ದದಿಂದ ಮಾತ್ರ.

ಗಂಗಾವತಿ ಮರಾಂಟ್ಜ್

ಇದನ್ನು ನಾನು ಒಪ್ಪುವುದಿಲ್ಲ. ಮೆಲ್ಲಗೆ ಇಟ್ಟು ಕೇಳಿದರೆ ಎಲ್ಲವೂ ಒಂದೇ ಥರ ಕೇಳುತ್ತವೆ. ಜೋರಾಗಿ ಇಟ್ಟು, ದೊಡ್ಡ ಸ್ಪೀಕರ್ ಹಾಕಿ ನೋಡಿ. ಒಳ್ಳೆಯ ಆಂಪ್ಲಿಫೈಯರ್ ಅಲ್ಲಿ ಗೊತ್ತಾಗುತ್ತದೆ. ದಿನಾ ಅದೇ ಸೆಟ್ ಜೊತೆ ಇರುವವರಿಗೆ ದನಿಯ ಗುಣ ತಿಳಿಯುತ್ತದೆ, ಒಂದು ಭಾನುವಾರದಲ್ಲಿ ತಿಳಿಯಲ್ಲ.

ರಾಯಚೂರು ರೇಡಿಯೋ

ಗಂಗಾವತಿ ಅವರ ಮಾತಿನಲ್ಲಿ ಹುರುಳಿದೆ. ಅದನ್ನು ತಳ್ಳಿಹಾಕಬೇಡಿ. ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದಾಗ ಒಂದೊಂದು ಒಂದೊಂದು ಥರ ಸೋಲುತ್ತದೆ. 4 ಓಮ್ ಸ್ಪೀಕರ್ ಹಾಕಿದರೆ ಕೆಲವು ಸೆಟ್ ಕುಗ್ಗುತ್ತವೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವವು ಜಗ್ಗುವುದಿಲ್ಲ. ಹಳೆಯ ರಿಸೀವರ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ಜಿಪುಣತನ ಮಾಡಿರಲಿಲ್ಲ, ಎತ್ತಿದ ಕೂಡಲೇ ಸೊಂಟಕ್ಕೆ ಗೊತ್ತಾಗುತ್ತದೆ. ಎ ಮತ್ತು ಬಿ ಎರಡು ಜೋಡಿ ಸ್ಪೀಕರ್ ಒಟ್ಟಿಗೆ ಓಡಿಸುವವರು ಮಾತ್ರ ಹುಷಾರು. 4 ಓಮ್‌ನ ಎರಡು ಜೋಡಿ ಪ್ಯಾರಲಲ್ ಆದರೆ 2 ಓಮ್, ಎಂಥ ಸೆಟ್‌ಗೂ ಭಾರ.

ಆದರೆ ಮಿತಿಯ ಒಳಗೆ, ಎರಡೂ ಆರೋಗ್ಯವಾಗಿದ್ದು ಮಟ್ಟ ಸರಿ ಮಾಡಿದರೆ, ಬೆಂಚಿನ ಮೇಲೆ ನನ್ನ ಕಿವಿಗೂ ವ್ಯತ್ಯಾಸ ಸಿಕ್ಕಿದ್ದು ಅಪರೂಪ. ಹಿಂದಿನ ಸುಯ್ ಶಬ್ದ ಬೇರೆ ವಿಷಯ. ಅದು ಹಳೆಯ ಸಣ್ಣ ಟ್ರಾನ್ಸಿಸ್ಟರ್‌ಗಳದ್ದು. ಆ ಕಾಲದ 2ಎಸ್‌ಸಿ458 ವಯಸ್ಸಾದ ಮೇಲೆ ಗದ್ದಲ ಮಾಡುವುದಕ್ಕೆ ಹೆಸರಾದದ್ದು. ನಿಮ್ಮ ಸೆಟ್‌ನಲ್ಲಿ ಫೋನೋ, ಟೋನ್ ಬೋರ್ಡ್‌ಗಳಲ್ಲಿ ಯಾವ ನಂಬರ್ ಇದೆ ನೋಡಿ ಬದಲಿಸಿ. ಶಬ್ದ ವಾಲ್ಯೂಮ್ ಜೊತೆ ಏರಿದರೆ ತಪ್ಪು ವಾಲ್ಯೂಮ್‌ಗಿಂತ ಹಿಂದೆ ಇದೆ, ಏರದಿದ್ದರೆ ಮುಂದೆ ಇದೆ. ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಕೊಪ್ಪಳ ಡೆಸಿಬಲ್

ಹಾಗಾದರೆ ರಿಸೀವರ್‌ಗಳೆಲ್ಲ ಒಂದೇನಾ? ಖಂಡಿತ ಅಲ್ಲ. ನಿಜವಾದ ವ್ಯತ್ಯಾಸ ಇರುವುದು ಜನ ಕಡಿಮೆ ಮಾತಾಡುವ ಜಾಗಗಳಲ್ಲಿ.

ಲೌಡ್‌ನೆಸ್ ಬಟನ್ ಒಂದು. ಸೌಂಡು ಕಡಿಮೆಯಾದಂತೆ ನಮ್ಮ ಕಿವಿಗೆ ಬೇಸ್ ಬೇಗ ಕಾಣೆಯಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಲೌಡ್‌ನೆಸ್ ಬಟನ್ ಅದನ್ನು ತುಂಬಿಕೊಡುತ್ತದೆ, ಆದರೆ ಒಂದೊಂದು ಕಂಪನಿಯದು ಒಂದೊಂದು ಅಳತೆ. ರಾತ್ರಿ ಮೆಲ್ಲಗೆ ಕೇಳುವವರಿಗೆ ಇದು ಬಹಳ ಮುಖ್ಯ. ಯಮಾಹಾದ ಹಳೆಯ ಸ್ಟೀರಿಯೋ ರಿಸೀವರ್‌ಗಳಲ್ಲಿ ಅದಕ್ಕೆ ಬಟನ್ ಬದಲು ಬೇಕಾದಷ್ಟೇ ತಿರುಗಿಸುವ ಗುಂಡಿ ಇತ್ತು. ನನ್ನ ಪ್ರಕಾರ ಆ ಕಾಲದ ಅತಿ ಒಳ್ಳೆಯ ಯೋಚನೆ ಅದು. ಗಂಗಾವತಿ ಅಣ್ಣ ರಾತ್ರಿ ಕೇಳುವ ಆ ದನಿಯಲ್ಲಿ ಲೌಡ್‌ನೆಸ್‌ನ ಪಾಲು ಎಷ್ಟು ಎಂದು ಒಮ್ಮೆ ಬಟನ್ ತೆಗೆದು ನೋಡಲಿ, ಬೇಸರ ಬೇಡ.

ಟ್ಯೂನರ್ ಇನ್ನೊಂದು. ಬಳ್ಳಾರಿಯಿಂದ ಹೊಸಪೇಟೆ 60 ಕಿಲೋಮೀಟರ್. ಅಷ್ಟು ದೂರದ ಸ್ಟೇಷನ್ ಹಿಡಿಯುವುದರಲ್ಲಿ ಒಳ್ಳೆಯ ಹಳೆಯ ಟ್ಯೂನರ್ ಗೆಲ್ಲುತ್ತದೆ. ಎವಿ ಸೆಟ್‌ಗಳ ಟ್ಯೂನರ್ ಹೆಚ್ಚಾಗಿ ಲೆಕ್ಕಕ್ಕೆ ಮಾತ್ರ. ಆಂಟೆನಾ ಛಾವಣಿ ಮೇಲೆ ಹಾಕಿ, ಸೆಟ್ ಹಿಂದೆ ವೈರ್ ತುಂಡು ನೇತುಹಾಕಬೇಡಿ.

ಎವಿ ಸೆಟ್‌ನ ಕಡೆ ಇರುವ ಲಾಭ ಆಪ್ಟಿಕಲ್ ಸಾಕೆಟ್. ಎಚ್‌ಡಿಎಂಐ ಇಲ್ಲದಿದ್ದರೂ ಟಿವಿಯಿಂದ ಆಪ್ಟಿಕಲ್ ವೈರ್ ಹಾಕಿ, ಟಿವಿ ಮೆನುವಿನಲ್ಲಿ ಪಿಸಿಎಂ (ಸಾದಾ ಡಿಜಿಟಲ್ ಸೌಂಡು) ಆರಿಸಿದರೆ ಆಯಿತು. ಈಗಿನ ಡಾಲ್ಬಿ ಬಗೆಗಳು ಹಳೆಯ ಸೆಟ್‌ಗೆ ತಿಳಿಯದೆ ಸುಮ್ನೆ ಮೌನ ಇರುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ.

ತಂಬೂರಿ, ಬಳ್ಳಾರಿ

ಆವತ್ತು ನನಗೆ ಕಂಡ ಒಂದು ಮಾತು ಹೇಳಬೇಕು. ಮೂರು ಸೆಟ್ ನಡುವಿನ ವ್ಯತ್ಯಾಸಕ್ಕಿಂತ ಕೋಣೆಯ ವ್ಯತ್ಯಾಸ ದೊಡ್ಡದಿತ್ತು. ಗ್ರಾನೈಟ್ ನೆಲಕ್ಕೆ ಬಡಿದು ದನಿ ವಾಪಸ್ ಬರುತ್ತಿತ್ತು. ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಸ್ಪೀಕರ್‌ಗಳನ್ನು ಗೋಡೆಯಿಂದ ಮೊಣಕೈ ಉದ್ದ ಮುಂದೆ ತಂದ ಮೇಲೆ ತಂಬೂರಿ ಸ್ಪಷ್ಟವಾಯಿತು. ಆ ಬದಲಾವಣೆ ಅಣ್ಣನಿಗೂ ತಕ್ಷಣ ಗೊತ್ತಾಯಿತು.

ರೆಕಾರ್ಡ್ ಕೂಡ ತಂದಿದ್ದೆ. ಪಯೋನಿಯರ್‌ನ ಫೋನೋ ನನಗೆ ತುಂಬಾ ಇಷ್ಟವಾಯಿತು, ಹಿಂದೆ ಗದ್ದಲವೇ ಇಲ್ಲ.

ಕೌಲ್‌ಬಜಾರ್ ಕೇಳುಗ, ಬಳ್ಳಾರಿ

ಜಮಖಾನೆ ಈಗ ಅಲ್ಲೇ ಉಳಿದಿದೆ. ಹೆಂಡತಿಯೂ ಒಪ್ಪಿದ್ದಾಳೆ.

ತೀರ್ಮಾನ ಹೀಗೆ. ಯಮಾಹಾ ಟಿವಿ ಜೊತೆ ಹಾಲ್‌ನಲ್ಲಿ. ಮರಾಂಟ್ಜ್ ಚಿಕ್ಕಪ್ಪನ ನೆನಪಿಗೆ, ಬೆಳಗಿನ ಆಕಾಶವಾಣಿಗೆ ನನ್ನ ಕೋಣೆಯಲ್ಲಿ. ಪಯೋನಿಯರ್ ತಂಬೂರಿ ಮೇಡಂ ಮನೆಗೆ. ರೆಕಾರ್ಡ್ ಇರುವುದು ಅವರ ಹತ್ತಿರ, ಒಳ್ಳೆಯ ಫೋನೋ ಅಲ್ಲೇ ಇರಬೇಕು. ನಾನು ಕೊಟ್ಟಷ್ಟೇ ಬೆಲೆಗೆ ಕೊಟ್ಟಿದ್ದೇನೆ.

ರಾಯಚೂರು ಸರ್, ಹೊಸ ಟ್ರಾನ್ಸಿಸ್ಟರ್ ಹಾಕಿದ ಮೇಲೆ ಮರಾಂಟ್ಜ್ ಆನ್ ಮಾಡುವ ಮುನ್ನ ಏನು ನೋಡಬೇಕು?

ರಾಯಚೂರು ರೇಡಿಯೋ

ನೇರ ಪ್ಲಗ್‌ಗೆ ಹಾಕಲೇಬೇಡಿ. ಸೀರೀಸ್ ಬೋರ್ಡ್ ಮಾಡಿಕೊಳ್ಳಿ. ಒಂದು ಹೋಲ್ಡರ್, ಒಂದು ಸಾಕೆಟ್, ಫೇಸ್ ವೈರ್ ಬಲ್ಬ್ ಮೂಲಕ ಸಾಕೆಟ್‌ಗೆ ಬರಬೇಕು. 60 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಹಾಕಿ, ಎಲ್‌ಇಡಿ ನಡೆಯಲ್ಲ. ಆನ್ ಮಾಡಿದಾಗ ಬಲ್ಬ್ ಒಮ್ಮೆ ಜೋರಾಗಿ ಉರಿದು ಮಂಕಾದರೆ ಸರಿ. ಜೋರಾಗಿಯೇ ಉರಿಯುತ್ತಾ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಆಗ ಸುಡುವುದು ಏನೂ ಇಲ್ಲ, ಹೊರೆ ಬಲ್ಬ್ ಹೊರುತ್ತದೆ. ಸ್ಪೀಕರ್ ಆಗ ಕನೆಕ್ಟ್ ಮಾಡಬೇಡಿ.

ಬಲ್ಬ್ ಪರೀಕ್ಷೆ ಪಾಸಾದ ಮೇಲೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಮಿಲಿವೋಲ್ಟ್ ಅಳೆಯಿರಿ. ಕೆಪಾಸಿಟರ್ ಇರುವ ಸೆಟ್‌ನಲ್ಲಿ ಸ್ವಲ್ಪ ಹೊತ್ತಿನಲ್ಲಿ ಸೊನ್ನೆಯ ಹತ್ತಿರ ಬರಬೇಕು. ಪಯೋನಿಯರ್ ಥರ ನೇರ ಕನೆಕ್ಟ್ ಆದ ಸೆಟ್‌ನಲ್ಲಿ 50 ಮಿಲಿವೋಲ್ಟ್ ಒಳಗೆ ಇದ್ದರೆ ಚಿಂತೆ ಇಲ್ಲ. ಮೇಡಂ ಮನೆಗೆ ಕೊಡುವ ಮುನ್ನ ಅದನ್ನೂ ನೋಡಿಬಿಡಿ. ಮತ್ತೆ, ಸೆಟ್ಟನ್ನು ಗಾಜಿನ ಶೋಕೇಸ್ ಒಳಗೆ ಇಡದಂತೆ ಅವರಿಗೆ ಹೇಳಿ. ಮೇಲೆ ಒಂದು ಗೇಣು ಖಾಲಿ ಜಾಗ ಬೇಕು, ಡಾಯ್ಲಿ ಬಟ್ಟೆಯೂ ಬೇಡ.

ತಂಬೂರಿ, ಬಳ್ಳಾರಿ

ಓದಿದೆ ಸರ್. ಶೋಕೇಸ್‌ನಿಂದ ತೆಗೆದು ಮರದ ಸ್ಟ್ಯಾಂಡ್ ಮೇಲೆ ಇಟ್ಟಿದ್ದೇನೆ. ಹಿಂದೆ ರೆಕಾರ್ಡ್ ಪ್ಲೇಯರ್‌ನ ಒಂದು ಸಣ್ಣ ಹಸಿರು ವೈರ್ ಉಳಿದಿದೆ, ಅದು ಎಲ್ಲಿಗೆ?

ರಾಯಚೂರು ರೇಡಿಯೋ

ಫೋನೋ ಸಾಕೆಟ್ ಪಕ್ಕದಲ್ಲಿ ಜಿಎನ್‌ಡಿ ಎಂದು ಬರೆದ ಸ್ಕ್ರೂ ಇದೆ, ಅದಕ್ಕೆ ಬಿಗಿ ಮಾಡಿ. ಅದನ್ನು ಬಿಟ್ಟರೆ ಹಮ್ಮಿಂಗ್ ಬರುತ್ತದೆ.